ಕೂಡಿಟ್ಟ ಮಧ್ಯಾಹ್ನಗಳು

ಎಲ್ಲರೂ ತಮ್ಮ ಮಧ್ಯಾಹ್ನಗಳನ್ನು ಮುಪ್ಪಿಗೆಂದು ಕೂಡಿಡುವ ಕಾಲವದು. ಧಾರವಾಡದ ಓಣಿಗಳಲ್ಲಿ ಆ ಯೋಜನೆ ಮಾರುವ ಶಾವಂತ್ರವ್ವ ಓದಿದ್ದು ಏಳನೇ ಇಯತ್ತೆ. ಮೊದಲು ಬಳೆ ತೊಡಿಸುತ್ತಿದ್ದಳು. ಈಗಲೂ ಗಿರಾಕಿಯ ಕೈ ಹಿಡಿದು ಗೆಣ್ಣು ಒತ್ತಿದರೆ, ಮುಪ್ಪು ಎಷ್ಟು ದೂರವಿದೆಯೆಂದು ಅವಳಿಗೆ ತಿಳಿಯುತ್ತದೆ. ಡಿಗ್ರಿ ಮಾಡಿದವರ ಲೆಕ್ಕ ತಪ್ಪಿದ್ದುಂಟು, ಅವಳ ಅಳತೆ ತಪ್ಪಿಲ್ಲ.

ಇನ್ನೊಬ್ಬ ಗಿರಾಕಿಯ ಸಹಿ ಅರ್ಜಿಗೆ ಬಿದ್ದರೆ ಅವಳೇ ಮ್ಯಾನೇಜರ್.

ಬಟ್ಟೆ ಹೊಲಿಯುವ ಕಸ್ತೂರಿ ಕೈ ಚಾಚಿದಳು. "ನನ್ನ ಎಲ್ಲಾ ಮಧ್ಯಾಹ್ನ ಬರ್ಕೋರಿ ಅಕ್ಕಾರ. ವಯಸ್ಸಾದಮ್ಯಾಗ ಆರಾಮ ಕುಂದರ್ತೀನಿ."

ಶಾವಂತ್ರವ್ವ ಗೆಣ್ಣು ಒತ್ತಿದಳು. ಮತ್ತೊಮ್ಮೆ, ಮೆಲ್ಲಗೆ ಒತ್ತಿದಳು. ಹತ್ತಿರವೂ ಇಲ್ಲ, ದೂರವೂ ಇಲ್ಲ; ಮುಪ್ಪು ಎಲ್ಲೂ ಕೈಗೆ ತಾಕಲಿಲ್ಲ.

ಅರ್ಜಿಯನ್ನು ಮಡಚಿ ಚೀಲಕ್ಕೆ ಹಾಕಿದಳು.

"ಯಾಕ್ರೀ ಅಕ್ಕಾರ?"

"ಬಿಸಲು ಚಂದ ಐತಿ ತಂಗಿ. ಮಷಿನ್ ಮುಚ್ಚು. ಕೆರಿ ದಂಡಿಗೆ ಹೋಗಿ ಕುಂದ್ರೂಣು. ನಂದೂ ಒಂದು ಮಧ್ಯಾಹ್ನ ಇವತ್ತ ತಗೀತೀನಿ."