ಕುತ್ತಿಗೆ ಕಾಣದ ಕಾಲರ್

ಕಂಪನಿ ಬಸ್ಸು ಬರುವ ಹೊತ್ತಿಗೆ ಪುಟ್ಟತಾಯಮ್ಮನಿಗೆ ಈಗಲೂ ಎಚ್ಚರವಾಗುತ್ತದೆ...

ಹಾರ್ನ್ ಮಾತ್ರ ಕೇಳಿಸುವುದಿಲ್ಲ.

ಪೀಣ್ಯದ ಹತ್ತಿರದ ಆ ಗಾರ್ಮೆಂಟ್ಸ್ ಮುಚ್ಚಿ ನಾಲ್ಕು ತಿಂಗಳಾಯಿತು. ಬೇರೆ ರಾಜ್ಯದಲ್ಲಿ ಕೂಲಿ ಇನ್ನೂ ಅಗ್ಗವಂತೆ. ಮಷೀನುಗಳನ್ನು ಜೋಪಾನವಾಗಿ ಲಾರಿಗೆ ಹತ್ತಿಸಿದರು... ಹೆಂಗಸರನ್ನು ಗೇಟಿನ ಹೊರಗೆ ಬಿಟ್ಟು ಹೋದರು.

ಗಂಡ ತೀರಿಕೊಂಡಿದ್ದ. ಮಕ್ಕಳಿಲ್ಲ. ಒಂದು ಹೊಟ್ಟೆಗೆ ಎಂಥ ಅಡುಗೆ ಅಂತ ಎಷ್ಟೋ ದಿನ ಅವಳು ಒಲೆಯನ್ನೇ ಹಚ್ಚುತ್ತಿರಲಿಲ್ಲ.

ಹಗಲಲ್ಲೂ ವಠಾರದ ಬಾಗಿಲು ಹಾಕಿಕೊಂಡೇ ಇರುತ್ತಿದ್ದಳು. ತೆರೆದರೆ ಯಾರಾದರೂ "ಈಗೇನ್ ಮಾಡ್ಕೊಂಡಿದೀರಾ?" ಅಂತ ಕೇಳಿಬಿಟ್ಟಾರು ಎಂಬ ಭಯ...

ಅಂಥ ಬಾಗಿಲನ್ನು ಒಂದು ಶುಕ್ರವಾರ ಪಕ್ಕದ ಮನೆ ಶಾಹಿದಾ ತಟ್ಟಿದಳು. ಕೈಯಲ್ಲಿ ಬಿಳಿ ಬಟ್ಟೆ, ಮೇಲೊಂದು ಅಳತೆ ಶರ್ಟು.

"ಪುಟ್ಟಕ್ಕಾ, ನಮ್ಮೆಜಮಾನ್ರಿಗೆ ವಾಚ್‌ಮನ್ ಕೆಲ್ಸ ಸಿಕ್ತು. ಸೋಮವಾರ ಬಿಳೀ ಶರ್ಟ್ ಹಾಕ್ಕೊಂಡೇ ಬರ್ಬೇಕಂತೆ. ನೀವು ಹೊಲ್ಕೊಡಿ."

"ನಾನಾ?"

"ಮತ್ತಿನ್ಯಾರು? ಅಷ್ಟು ವರ್ಷ ಗಾರ್ಮೆಂಟ್ಸಲ್ಲಿ ಶರ್ಟ್ ಹೊಲ್ದೋರು ನೀವು. ಮನೇಲಿ ಮಷೀನಿಗೆ ಬೆಡ್‌ಶೀಟ್ ಹೊದ್ಸಿ ಮಲಗ್ಸಿದೀರಲ್ಲ, ಎಬ್ಬಿಸಿ ಅದನ್ನ."

ಆಗಲ್ಲ ಅನ್ನಬೇಕಿತ್ತು. ಆದರೆ ನಾಲ್ಕು ತಿಂಗಳಲ್ಲಿ ಮೊದಲ ಸಲ ಯಾರಿಗೋ ಅವಳು ಬೇಕಾಗಿದ್ದಳು... ಬಟ್ಟೆಗೆ ಕೈಚಾಚಿದಳು.

ಮಷೀನಿನ ಮುಂದೆ ಕೂತಳು. ಅಳತೆ ಶರ್ಟಿನ ಕಾಲರಿಗೆ ಸರಿಯಾಗಿ ಬಟ್ಟೆ ಕತ್ತರಿಸಿ, ನೋಡನೋಡುತ್ತಲೇ ಒಂದು ಕಾಲರ್ ಹೊಲಿದಳು. ತುದಿಗಳು ಹಕ್ಕಿಯ ಕೊಕ್ಕಿನ ಹಾಗೆ ಚೂಪು. ಒಂದು ಎಳೆ ಅತ್ತಿತ್ತ ಇಲ್ಲ.

ಅಲ್ಲಿಗೆ ಮುಗಿಯಿತು. ಮುಂದಿನದು ಅವಳಿಗೆ ಗೊತ್ತಿರಲಿಲ್ಲ.

ಇಪ್ಪತ್ತು ವರ್ಷದ ಹತ್ತಿರ ಅವಳು ಹೊಲಿದದ್ದು ಕಾಲರ್ ಮಾತ್ರ. ಮಷೀನುಗಳ ಲೈನಿನಲ್ಲಿ ಹಿಂದಿನವಳು ತೋಳು, ಮುಂದಿನವಳು ಜೇಬು. ಸೂಪರ್‌ವೈಸರ್‌ಗೆ ಹೆಸರೂ ಬೇಕಿರಲಿಲ್ಲ. "ಏ ಕಾಲರ್, ಟಾರ್ಗೆಟ್ ಎಲ್ಲಿ?" ಅನ್ನುತ್ತಿದ್ದ. ಉಚ್ಚೆಗೆ ಎದ್ದರೂ ಟೋಕನ್ ಪಡೆಯಬೇಕಿತ್ತು. ಶರ್ಟು ಪೂರ್ತಿಯಾಗುವುದನ್ನು ನೋಡಲು ಯಾರಿಗಿತ್ತು ಪುರುಸೊತ್ತು?

ಆಯುಷ್ಯವನ್ನೆಲ್ಲ ಕಂಪನಿ ತೆಗೆದುಕೊಂಡಿತ್ತು... ಕೊನೆಗೆ ಅವಳ ಕೈಯಲ್ಲಿ ಉಳಿಸಿದ್ದು ಒಂದು ಕಾಲರ್.

ಮಾರನೇ ದಿನ ಬಟ್ಟೆ ವಾಪಸು ಕೊಡಲು ಎದ್ದಳು. ಶಾಹಿದಾಳ ಬಾಗಿಲ ಹತ್ತಿರ ಹೋದಾಗ ಒಳಗೆ ಅವಳು ಗಂಡನಿಗೆ ಹೇಳುತ್ತಿದ್ದುದು ಕೇಳಿಸಿತು: "ಟೇಲರ್ ಯಾಕ್ರೀ? ನಮ್ ಪುಟ್ಟಕ್ಕ ಇಲ್ವಾ..."

ಕಾಲು ಅಲ್ಲೇ ನಿಂತಿತು. ತಿರುಗಿ ಬಸ್ ಸ್ಟಾಪಿಗೆ ನಡೆದಳು.

ಲೈನಿನಲ್ಲಿ ತೋಳು ಹೊಲಿಯುತ್ತಿದ್ದ ಗಂಗಮ್ಮ ಲಗ್ಗೆರೆಯಲ್ಲಿ ಕಂಪನಿ ಬಸ್ಸು ಹತ್ತುತ್ತಿದ್ದಳು. ಅವಳ ಮನೆಗೆ ಒಮ್ಮೆಯೂ ಹೋದದ್ದಿಲ್ಲ. ಅಲ್ಲಿ ಇಳಿದು ಅಂಗಡಿಯವರನ್ನು ಕೇಳಿದಳು, ಯಾರಿಗೂ ಗೊತ್ತಿಲ್ಲ. ಗಲ್ಲಿ ಗಲ್ಲಿ ಸುತ್ತಿ ಸೋತು ಹೊರಟಾಗ, ಬೀದಿ ನಲ್ಲಿಯ ಮುಂದೆ ಕುಕ್ಕರಗಾಲಲ್ಲಿ ಕೂತ ಒಂದು ಬೆನ್ನು ಕಂಡಿತು...

ಬಗ್ಗಿ ಬಗ್ಗಿ ಎಡಕ್ಕೆ ವಾಲಿದ ಬೆನ್ನು. ತನ್ನದೂ ಹಾಗೇ ವಾಲಿದೆ.

"ಗಂಗಾ..."

ಗಂಗಮ್ಮ ತಿರುಗಿದಳು. "ಅಯ್ಯೋ, ಕಾಲರ್! ದಾರಿ ತಪ್ಪಿ ಬಂದ್ಯೇನೇ?"

ವಿಷಯ ಕೇಳಿ ಗಂಗಮ್ಮ ಪಾತ್ರೆ ಕೆಳಗಿಟ್ಟಳು. "ನಂಗೂ ಒಬ್ರು ಬ್ಲೌಸ್ ತಂದುಕೊಟ್ಟಿದ್ರು ಕಣೇ. ಕಣ್ಣು ಮಂಜು ಅಂತ ಸುಳ್ಳು ಹೇಳ್ಬಿಟ್ಟೆ. ತೋಳು ಬಿಟ್ರೆ ನಂಗೇನ್ ಬರುತ್ತೆ?"

ಇಬ್ಬರೂ ನಕ್ಕರು. ನಗು ಮುಗಿದ ಮೇಲೆ ಒಬ್ಬರ ಮುಖ ಒಬ್ಬರು ನೋಡಲಿಲ್ಲ...

ಎರಡು ಬಸ್ ಸ್ಟಾಪಿನ ಅಂತರದಲ್ಲಿ ಇಬ್ಬರು ಹೆಂಗಸರು ಒಂದೇ ನಾಚಿಕೆಯನ್ನು ಬೇರೆ ಬೇರೆ ಬಾಗಿಲ ಹಿಂದೆ ಬಚ್ಚಿಟ್ಟುಕೊಂಡಿದ್ದರು.

ಭಾನುವಾರ ಪುಟ್ಟತಾಯಮ್ಮನ ಕೋಣೆಯಲ್ಲಿ ನಾಲ್ವರು. ಕಾಲರ್, ತೋಳು... ಜೊತೆಗೆ ಗಂಗಮ್ಮ ಹುಡುಕಿ ಕರೆತಂದ ಜೇಬಿನ ರೋಸಿ, ಕಾಜಾ-ಗುಂಡಿಯ ಸಾವಂತ್ರಮ್ಮ. ಆದರೆ ಇಡೀ ಶರ್ಟಿಗೆ ಬಟ್ಟೆ ಕತ್ತರಿಸಲು ಯಾರಿಗೂ ಬಾರದು. ಕಂಪನಿಯಲ್ಲಿ ಕತ್ತರಿಸಿದ ತುಂಡುಗಳೇ ಅವರ ಕೈಗೆ ಬರುತ್ತಿದ್ದವು.

ಗಂಗಮ್ಮನೇ ದಾರಿ ತೋರಿಸಿದಳು. "ಅಳತೆ ಶರ್ಟ್ ಬಿಚ್ಚೋಣ. ತುಂಡು ಸಿಕ್ರೆ ನಮ್ದೇ ರಾಜ್ಯ."

ಹೊಲಿಗೆ ಬಿಚ್ಚಿ ನೆಲದ ಮೇಲೆ ಹರಡಿದ್ದಾಗ ಶಾಹಿದಾ ಚಹಾ ತಂದಳು. ಲೋಟ ಹಿಡಿದವಳು ಹಾಗೇ ನಿಂತಳು.

"ಅಳತೆಗೆ ಅಂತ ಕೊಟ್ರೆ ಬಿಚ್ಚೇ ಹಾಕಿದೀರಾ? ಅವ್ರಿಗಿರೋದು ಅದೊಂದೇ ಒಳ್ಳೇ ಶರ್ಟು."

ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. "ನಂಗೆ ಶರ್ಟ್ ಹೊಲಿಯೋಕೆ ಬರಲ್ಲ ಶಾಹಿದಾ..." ಪುಟ್ಟತಾಯಮ್ಮ ತಾನು ಹೊಲಿದ ಕಾಲರನ್ನು ಎತ್ತಿ ತೋರಿಸಿದಳು. "ಕಾಲರ್ ಅಷ್ಟೇ ಕಲಿಯೋಕೆ ಬಿಟ್ರು."

ಶಾಹಿದಾ ಎಲ್ಲರನ್ನೂ ಒಮ್ಮೆ ನೋಡಿದಳು. ಚಹಾ ಹಂಚಿದಳು. "ಹಂಗಾದ್ರೆ ಈಗ ಎರಡು ಶರ್ಟ್ ಹೊಲೀಬೇಕಾಯ್ತು. ಬೇಗ ಕುಡೀರಿ."

ಬಿಚ್ಚಿದ ತುಂಡುಗಳನ್ನು ಬಿಳಿ ಬಟ್ಟೆಯ ಮೇಲಿಟ್ಟು ಕತ್ತರಿಸಿದರು. ತೋಳನ್ನು ಎರಡು ಸಲ ತಿರುಗುಮುರುಗು ಹೊಲಿದು ಬಿಚ್ಚಿದರು, ಬೈದುಕೊಂಡರು. ಸಂಜೆಯ ಹೊತ್ತಿಗೆ ಹಳೆಯದೂ ಸೇರಿ ಎರಡೂ ಶರ್ಟು ಹ್ಯಾಂಗರಿನಲ್ಲಿದ್ದವು.

ಶಾಹಿದಾಳ ಗಂಡ ಅಫ್ಜಲ್ ಬಿಳಿಯದನ್ನು ತೊಟ್ಟು ಬಾಗಿಲಲ್ಲಿ ನಿಂತ. ಪುಟ್ಟತಾಯಮ್ಮ ಹತ್ತಿರ ಹೋಗಿ ಕಾಲರ್ ಸರಿಮಾಡಿದಳು... ಕೈ ಅಲ್ಲೇ ಉಳಿಯಿತು.

ಲೆಕ್ಕವಿಲ್ಲದಷ್ಟು ಕಾಲರ್ ಹೊಲಿದಿದ್ದಳು. ಅದರೊಳಗೆ ಒಂದು ಕುತ್ತಿಗೆ ಇರುವುದನ್ನು ಇವತ್ತೇ ಮೊದಲು ನೋಡಿದ್ದು.

ಅವಳ ಕಣ್ಣು ತುಂಬಿ ಬಂತು.

"ಚೆನ್ನಾಗಿದೆ. ಪೂರ್ತಿ ನೀವೇ ಹೊಲ್ದಿದ್ದಾ ಅಕ್ಕಾ?" ಅಂದ ಅಫ್ಜಲ್.

ಪುಟ್ಟತಾಯಮ್ಮ ಹಿಂದಿರುಗಿ ನೋಡಿದಳು. ಲೈನಿನಲ್ಲಿ ಹಾಗೆ ತಿರುಗಿದರೆ ಬೈಗುಳ ಬೀಳುತ್ತಿತ್ತು... ಇವತ್ತು ಮೂರು ಮುಖಗಳು ಕಂಡವು.

"ನಾವು" ಅಂದಳು.

ಮಾರನೇ ಬೆಳಿಗ್ಗೆ ಅದೇ ಹೊತ್ತಿಗೆ ಎಚ್ಚರವಾಯಿತು. ಎದ್ದು ಅಕ್ಕಿ ಅಳೆದಳು... ನಾಲ್ವರಿಗೆ. ಮೂವರೂ ಇವತ್ತು ಮತ್ತೆ ಬರುವವರಿದ್ದರು. ಆಮೇಲೆ ಬಾಗಿಲು ತೆರೆದಿಟ್ಟಳು.

*ನಮ್ಮನ್ನು ತುಂಡು ಮಾಡಿದವರು ನಾವು ಹುಟ್ಟಿದ್ದೇ ತುಂಡಾಗಿ ಎಂದು ನಂಬಿಸುತ್ತಾರೆ. ನಂಬಬೇಡಿ, ಉಳಿದ ತುಂಡುಗಳು ಪಕ್ಕದ ಬೀದಿಯಲ್ಲೇ ಬಾಗಿಲು ಹಾಕಿಕೊಂಡು ಕೂತಿವೆ.*

ಇವತ್ತು ನೀವು ಯಾರ ಬಾಗಿಲು ತಟ್ಟುತ್ತೀರಿ?