ಮೇ ನೆವರ್ ಅಂದರೆ

ಎಕ್ಸ್‌ರೇ ಲಕೋಟೆಯ ವಾಸನೆ ಬಂದರೆ ಈಗಲೂ ಕಮ್ಮರಡಿಯ ಆ ಮಧ್ಯಾಹ್ನವೇ ನೆನಪಾಗುತ್ತದೆ.

ಲೈನ್‌ಮನ್ ಆಗಿದ್ದ ಅಪ್ಪ ಕಂಬದಿಂದ ಬಿದ್ದು, ಆಸ್ಪತ್ರೆಯಿಂದ ಮನೆಗೆ ಬಂದಿದ್ದರು. ಎಕ್ಸ್‌ರೇ ಲಕೋಟೆಯ ಜೊತೆ ಡಾಕ್ಟರು ಕೊಟ್ಟ ಹಾಳೆಯನ್ನು ಅಮ್ಮ ನನ್ನ ಕೈಗಿಟ್ಟಳು. ಅವಳ ಬೆವರಿಗೆ ಅದು ಮೆತ್ತಗಾಗಿತ್ತು.

"ಇಂಗ್ಲಿಷ್ ಓದ್ತೀಯಲ್ಲ, ಎಂತ ಬರ್ದಿದಾರೆ ಹೇಳು ಕೂಸೇ."

'ಮೇ ನೆವರ್ ವಾಕ್ ವಿದೌಟ್ ಸಪೋರ್ಟ್' ಎಂದಿತ್ತು. ಮೇ ಅಂದರೆ 'ಬಹುದು' ಎಂದು ಆ ವಾರವಷ್ಟೇ ಟೀಚರ್ ಕಲಿಸಿದ್ದರು. ನೆವರ್ ಅಂದರೆ 'ಎಂದಿಗೂ ಇಲ್ಲ' ಎಂಬುದೂ ಗೊತ್ತಿತ್ತು. ಎರಡೂ ಒಟ್ಟಿಗೆ ಬಂದರೆ ಏನಾಗುತ್ತದೆಂದು ತಿಳಿದಿರಲಿಲ್ಲ. ಅಮ್ಮ ನನ್ನ ಬಾಯನ್ನೇ ನೋಡುತ್ತಿದ್ದಳು.

"ನಡೀಬಹುದು ಅಂತ ಬರ್ದಿದಾರೆ," ಎಂದೆ.

ಅಮ್ಮ ಒಳಗೆ ಓಡಿ, ಅಪ್ಪನ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದಳು.

"ಬೇಡ ಮಾರಾಯ್ತಿ, ಕಾಲೇ ಇಲ್ಲ ಅನ್ನಿಸ್ತದೆ," ಎಂದರು ಅಪ್ಪ.

"ಕೂಸು ಓದಿದಾಳೆ, ನಿಲ್ಲಿ," ಎಂದು ಅಮ್ಮ ಕೈ ಬಿಟ್ಟಳು.

ಅಪ್ಪ ಕುಸಿದುಬಿದ್ದರು. ಅಮ್ಮ ನನ್ನತ್ತ ತಿರುಗಿದಳು. "ಇನ್ನೊಂದ್ಸಲ ಓದು."