ಬೇಲಿ ಹಿಡಿದ ಮೃಗ

ಕಾಡಂಚಿನಲ್ಲಿ ಅಣ್ಣ ಕ್ಯಾಮೆರಾದಲ್ಲಿ ಸೆರೆಹಿಡಿದ ವಿಚಿತ್ರ ಮೃಗ, ಎರಡೇ ಕಾಲಲ್ಲಿ ನಡೆದುಬಂದು ಮುಳ್ಳುತಂತಿಯ ಬೇಲಿ ನುಸುಳಿತು. ನುಸುಳಿ, ತಿರುಗಿ ನಿಂತು, ಹಿಂದಿದ್ದ ಅಣ್ಣನೂ ಬರಲೆಂದು ತಂತಿಯನ್ನು ಮೇಲೆತ್ತಿ ಹಿಡಿಯಿತು. ಟೀವಿ ಚಾನೆಲ್ಲಿನಲ್ಲಿ ಸಂಕಲನದ ಕೆಲಸ ಮಾಡುವ ತಂಗಿ ದೃಶ್ಯವನ್ನು ಅಲ್ಲಿಗೇ ನಿಲ್ಲಿಸಿದಳು.

"ಅಣ್ಣಾ, ಇದು ಅಸಲಿ ಅಂತ ನಾನು ಹೇಳಿದ್ರೆ ನಾಳೆ ಚಾನೆಲ್‌ನವರು ನನ್ನನ್ನೇ ಬೇಲಿಯಾಚೆ ಎಸೀತಾರೆ. ಯಾವ ಮೃಗ ಕಣೋ ಇಷ್ಟೊಂದು ಮರ್ಯಾದೆ ಕಲಿತಿರೋದು?"

"ಅದಕ್ಕೂ ಹೆತ್ತ ತಾಯಿ ಇರಲ್ವೇನೇ? ಕಲಿಸಿರ್ತಾಳೆ," ಎಂದ ಅಣ್ಣ, ಬಲು ಗಂಭೀರವಾಗಿ.

ಅವಳು ಹಣೆ ಚಚ್ಚಿಕೊಂಡು ದೃಶ್ಯವನ್ನು ಮುಂದಕ್ಕೆ ಓಡಿಸಿದಳು. ತಂತಿ ಹಿಡಿದಿದ್ದ ಮೃಗ ಒಂಟಿಕಾಲಲ್ಲಿ ನಿಂತು, ಬಲಪಾದದಿಂದ ಎಡಗಾಲಿನ ಮೀನಖಂಡವನ್ನು ಪರಪರ ಕೆರೆದುಕೊಂಡಿತು. ಈ ಕೆರೆತವನ್ನು ಎಲ್ಲೋ ನೋಡಿದ್ದೇನಲ್ಲ ಅನ್ನಿಸಿ ಅವಳು ಹಿಂದಕ್ಕೆ ತಿರುಗಿದಳು. ಅಷ್ಟು ಹೊತ್ತಿನಿಂದ ಬಾಗಿಲಿಗೆ ಒರಗಿದ್ದ ಗಂಡ ಒಂಟಿಕಾಲಲ್ಲಿದ್ದ; ಅದೇ ಪಾದ, ಅದೇ ಮೀನಖಂಡ. ಅವಳ ನೋಟ ತಾಗಿದ್ದೇ ಕಾಲನ್ನು ಮೆಲ್ಲಗೆ ನೆಲಕ್ಕಿಟ್ಟ.

"ರೀ," ಎಂದಳು ಅವಳು, "ಮದುವೆಯಾಗಿ ಇಷ್ಟು ವರ್ಷ ಆಯ್ತು. ಎರಡೂ ಕೈ ತುಂಬ ಸಾಮಾನು ಹೊತ್ಕೊಂಡು ಬರ್ತೀನಲ್ಲ, ಒಂದೇ ಒಂದು ದಿನ ನನಗೆ ಬಾಗಿಲು ಹಿಡಿದಿದೀರಾ?"